ಮೌಸ್ ಯಾಕೆ ನಿಂತಿತು? ಹಳೆಯ ಕಂಪ್ಯೂಟರಿನ ಪರವಾಗಿ ಒಂದು ಮಾತು

ನಮ್ಮ ಕಾಲೇಜಿನ ಗಣಕ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ. ಬಿಳಿ ಇದ್ದದ್ದು ಹಳದಿಗೆ ತಿರುಗಿದ, ಧೂಳು ಹಿಡಿದ ಅಡ್ಡ ಪೆಟ್ಟಿಗೆಗಳು. ಈ ಸೆಮಿಸ್ಟರಿನ ಆರಂಭದಲ್ಲಿ ನಿರುಪಯುಕ್ತ ಸಾಮಗ್ರಿಗಳ ಪಟ್ಟಿ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಮುರಿದ ಕುರ್ಚಿ, ಓವರ್‌ಹೆಡ್ ಪ್ರೊಜೆಕ್ಟರ್, ಹರಿದ ಭೂಪಟಗಳ ಸಾಲಿನಲ್ಲಿ ಅವೆರಡನ್ನೂ ನಾನೇ ಕೈಯಾರೆ ಬರೆದೆ. ‘ಸ್ಥಿತಿ’ ಎಂಬ ಕಾಲಮಿನಲ್ಲಿ ‘ಕೆಟ್ಟಿದೆ’ ಎಂದೂ ಬರೆದೆ. ಕೆಟ್ಟಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಯಾರೂ ಸ್ವಿಚ್ ಹಾಕಿ ನೋಡಿರಲಿಲ್ಲ. ಔರಾದ್ ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮುಗಿಸಿ ಬೀದರ್‌ಗೆ ಮರಳಿದ ಮೇಲೆ ಆ ಒಂದು ಪದ ನನ್ನನ್ನು ಕಾಡುತ್ತಿದೆ. ಅದನ್ನು ಹಿಂತೆಗೆದುಕೊಳ್ಳಲು ಈ ಲೇಖನ.

ನನ್ನ ವಾದ ದೊಡ್ಡದೇನಲ್ಲ. ಸರಿಯಾಗಿ ನಡೆಯುವ ಕಂಪ್ಯೂಟರಿನಿಂದ ಮಕ್ಕಳು ಬಳಸುವುದನ್ನು ಕಲಿಯುತ್ತಾರೆ. ಕಾರಣ ಹುಡುಕುವುದನ್ನು ಕಲಿಯಬೇಕಾದರೆ, ಕೈಗೆ ಸಿಗುವಂಥ, ಕಣ್ಣಿಗೆ ಕಾಣುವಂಥ ದೋಷವಿರುವ ಯಂತ್ರ ಬೇಕು. ಹಳೆಯ ಯಂತ್ರಗಳಲ್ಲಿ ಸೀರಿಯಲ್ ಪೋರ್ಟಿಗೂ ಮೋಡೆಮಿಗೂ ಬೀಳುತ್ತಿದ್ದ ಜಗಳ ಅಂಥದೊಂದು ದೋಷ. ಅದನ್ನು ಬಿಡಿಸುವ ಪಾಠಕ್ಕೆ ನಮ್ಮ ಪಾಠಯೋಜನೆಯ ನಮೂನೆಯಲ್ಲಿಯೂ ಅವಲೋಕನದ ಅಂಕಪಟ್ಟಿಯಲ್ಲಿಯೂ ಜಾಗವಿರಬೇಕು. ಈಗ ಇಲ್ಲ.

ಮೊದಲು ಭಾಲ್ಕಿಯ ಕಥೆ. ನನ್ನ ಸೋದರಮಾವ ಅಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಸಿಕಂದರಾಬಾದಿನ ಸಿ.ಟಿ.ಸಿ. ಮಾರುಕಟ್ಟೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಬೂತಿನ ಅರ್ಧ ಜಾಗಕ್ಕೆ ಪ್ಲೈವುಡ್ ಹೊಡೆದು, ‘ಇಂಟರ್‌ನೆಟ್’ ಎಂಬ ಬೋರ್ಡು ಹಾಕಿದರು. ವಿಂಡೋಸ್ 95, ಉದ್ದ ಬಾಲದ ಸೀರಿಯಲ್ ಮೌಸ್, ಒಳಗೆ ಕಾರ್ಡಿನ ರೂಪದ ಮೋಡೆಮ್. ಜನ ಬರುತ್ತಿದ್ದದ್ದು ಹೆಚ್ಚಾಗಿ ಪರೀಕ್ಷೆಯ ಫಲಿತಾಂಶ ನೋಡಲು. ಮೊದಲ ದಿನದಿಂದಲೇ ಒಂದು ತೊಂದರೆ: ಮೋಡೆಮ್ ಕೂಗಿ ಲೈನ್ ಹಿಡಿದ ಕ್ಷಣವೇ ಮೌಸಿನ ಬಾಣ ಪರದೆಯ ಮೇಲೆ ಇದ್ದಲ್ಲೇ ಕಲ್ಲಾಗುತ್ತಿತ್ತು. ಯಾರಾದರೂ ಮೌಸನ್ನು ಜೋರಾಗಿ ಆಡಿಸಿದರೆ ಕೆಲವು ಸಲ ಸಂಪರ್ಕವೇ ಕಡಿದುಹೋಗುತ್ತಿತ್ತು. ಮಾಮಾ ಮೌಸಿನ ಮೇಲೆ ಒಂದು ಚೀಟಿ ಅಂಟಿಸಿದರು: “ಕೈ ಹಚ್ಚಬ್ಯಾಡ್ರಿ, ಲೈನ್ ಕಟ್ ಆಗ್ತದ.” ಟ್ಯಾಬ್, ಎಂಟರ್, ಆಲ್ಟ್ ಕೀಲಿಗಳಿಂದಲೇ ಇಡೀ ಕಂಪ್ಯೂಟರ್ ನಡೆಸುವುದನ್ನು ಅವರು ಕಲಿತರು. ನೋಂದಣಿ ಸಂಖ್ಯೆ ಒತ್ತಿ, ಟ್ಯಾಬ್ ಹೊಡೆದು, ಎಂಟರ್ ಹಾಕಿ ಮಕ್ಕಳ ಫಲಿತಾಂಶ ತೆಗೆದುಕೊಡುತ್ತಿದ್ದರು. ಹೀಗೆ ಹಲವು ತಿಂಗಳು ನಡೆಯಿತು. ಕೊನೆಗೊಮ್ಮೆ ಪೆಟ್ಟಿಗೆ ಹೊತ್ತು ಮತ್ತೆ ಸಿಕಂದರಾಬಾದಿಗೆ ಹೋದರು. ಅಲ್ಲಿನ ಮೆಕ್ಯಾನಿಕ್ ಮುಚ್ಚಳ ತೆಗೆದು, ಮೋಡೆಮ್ ಕಾರ್ಡಿನ ಮೇಲಿನ ಎರಡು ಪುಟ್ಟ ಟೊಪ್ಪಿಗೆಗಳನ್ನು ಜಾಗ ಬದಲಿಸಿ, ಒಂದು ನೀಲಿ ಪರದೆಗೆ ಹೋಗಿ ಏನನ್ನೋ ಬದಲಾಯಿಸಿ ಕೊಟ್ಟ. ಹತ್ತು ನಿಮಿಷದ ಕೆಲಸ. ಏನಾಗಿತ್ತು ಎಂದು ಕೇಳಿದ್ದಕ್ಕೆ ಅವನ ಉತ್ತರ: “ಕುಛ್ ನಹೀ ಭಾಯಿ, ಐಆರ್‌ಕ್ಯು ಕಾ ಝಗಡಾ ಥಾ.”

ಆ ಜಗಳ ಏನೆಂದು ಮಾಮಾಗೆ ಗೊತ್ತಾಗಲಿಲ್ಲ. ಬಿ.ಎಸ್ಸಿ. ಓದಿದ ನನಗೂ ಮೊನ್ನೆಮೊನ್ನೆಯವರೆಗೆ ಗೊತ್ತಿರಲಿಲ್ಲ.

ನಮ್ಮ ತರಗತಿಗೆ ಹೊಂದಿಸಿ ಹೇಳುತ್ತೇನೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಶಿಕ್ಷಕರು ಪ್ರತಿ ನಿಮಿಷಕ್ಕೊಮ್ಮೆ ಒಬ್ಬೊಬ್ಬರ ಬಳಿಗೂ ಹೋಗಿ “ನಿನಗೇನಾದರೂ ಬೇಕೇ?” ಎಂದು ಕೇಳುತ್ತಾ ಕೂತರೆ ಪಾಠ ಆಗುವುದಿಲ್ಲ. ಬದಲಿಗೆ, ಬೇಕಾದವರು ಕೈ ಎತ್ತುತ್ತಾರೆ. ಶಿಕ್ಷಕರು ಬರೆಯುತ್ತಿದ್ದ ಸಾಲಿಗೆ ಗುರುತು ಇಟ್ಟು, ಅವರ ಮಾತು ಕೇಳಿ, ಮತ್ತೆ ಅದೇ ಸಾಲಿಗೆ ಮರಳುತ್ತಾರೆ. ಕಂಪ್ಯೂಟರಿನ ಪ್ರೊಸೆಸರ್ ಕೂಡ ಹೀಗೆಯೇ. ಕೀಲಿಮಣೆ, ಮೌಸ್, ಮೋಡೆಮ್, ಫ್ಲಾಪಿ ಎಲ್ಲವೂ ತಮಗೆ ಕೆಲಸ ಬಿದ್ದಾಗ ಅದನ್ನು ಕರೆಯುತ್ತವೆ. ಈ ಕರೆ ಎಷ್ಟು ಅವಸರದ್ದೆಂದು ಗಣಿತ ಶಿಕ್ಷಕರು ಒಂದು ಲೆಕ್ಕ ಕೊಡಬಹುದು: ಸೀರಿಯಲ್ ಪೋರ್ಟಿನಲ್ಲಿ ಸೆಕೆಂಡಿಗೆ 9600 ಬಿಟ್ ಬರುತ್ತಿದ್ದರೆ, ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಒಂದು ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ಪೋರ್ಟಿನ ಹಳೆಯ 8250 ಚಿಪ್ಪಿಗೆ ಒಂದು ಅಕ್ಷರವನ್ನಷ್ಟೇ ಹಿಡಿದಿಡುವ ತಾಕತ್ತು. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಮಿಲಿಸೆಕೆಂಡಿಗೆ ಒಂದು ಕರೆ. ತಡವಾದರೆ ಅಕ್ಷರ ಹೋಯಿತು. ಆಮೇಲೆ ಬಂದ 16550 ಚಿಪ್ಪಿನಲ್ಲಿ 16 ಅಕ್ಷರಗಳ ಸರದಿಸಾಲು ಇದ್ದದ್ದರಿಂದಲೇ ವೇಗದ ಮೋಡೆಮುಗಳು ಸಾಧ್ಯವಾದದ್ದು.

ಕರೆಗಳನ್ನು ವಿಂಗಡಿಸಲು 1981ರ ಐಬಿಎಂ ಪಿಸಿಯಲ್ಲಿ 8259 ಎಂಬ ಒಂದು ಚಿಪ್ಪಿತ್ತು, ಅದಕ್ಕೆ ಎಂಟು ತಂತಿ. 1984ರ ಎಟಿ ಮಾದರಿಯಲ್ಲಿ ಇನ್ನೊಂದು ಚಿಪ್ಪು ಸೇರಿಸಿ ಹದಿನಾರು ಮಾಡಿದರು. ಎರಡನ್ನೂ ಜೋಡಿಸಲು ಒಂದು ತಂತಿ ಹೋಗಿ ಉಳಿದದ್ದು ಹದಿನೈದು. 0 ಗಡಿಯಾರಕ್ಕೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 14 ಹಾರ್ಡ್ ಡಿಸ್ಕಿಗೆ. ಸೀರಿಯಲ್ ಪೋರ್ಟುಗಳಿಗೆ ಸಿಕ್ಕಿದ್ದು ಎರಡೇ: 4 ಮತ್ತು 3. ಆದರೆ ಪೋರ್ಟುಗಳ ಹೆಸರು ನಾಲ್ಕು. ಕಾಮ್-1 ಮತ್ತು ಕಾಮ್-3 ಎರಡೂ 4ನೇ ತಂತಿಯ ಮೇಲೆ. ಕಾಮ್-2 ಮತ್ತು ಕಾಮ್-4 ಎರಡೂ 3ನೇ ತಂತಿಯ ಮೇಲೆ. ಮಾಮಾನ ಮೌಸ್ ಕಾಮ್-1ರಲ್ಲಿ, ಮೋಡೆಮ್ ಕಾಮ್-3ರಲ್ಲಿ. ಹೊರಗೆ ಹೆಸರು ಬೇರೆ, ಒಳಗೆ ಎಳೆಯುವ ಹಗ್ಗ ಒಂದೇ. ಕೀಲಿಮಣೆಗೆ ತನ್ನದೇ ತಂತಿ ಇದ್ದದ್ದರಿಂದ ಅದು ಮಾತ್ರ ಉಳಿದುಕೊಂಡಿತ್ತು. ಗೊತ್ತಿಲ್ಲದೆಯೇ ಮಾಮಾ ಸರಿಯಾದ ದಾರಿ ಹಿಡಿದಿದ್ದರು.

ಒಂದೇ ತಂತಿಯನ್ನು ಇಬ್ಬರು ಹಂಚಿಕೊಂಡರೆ ಏನಾಯಿತು ಎಂದು ನೀವು ಕೇಳಬಹುದು. ಶಾಲೆಯ ಗಂಟೆಯ ಹಗ್ಗವನ್ನು ನೆನೆಯಿರಿ. ಹಗ್ಗ ಎಳೆದ ಕ್ಷಣದಲ್ಲಿ ಮಾತ್ರ ಗಂಟೆ ಬಾರಿಸುತ್ತದೆ. ಒಬ್ಬ ಎಳೆದು ಹಿಡಿದೇ ಇದ್ದರೆ, ಇನ್ನೊಬ್ಬ ಬಂದು ಎಳೆದದ್ದು ಯಾರಿಗೂ ಕೇಳುವುದಿಲ್ಲ. ಹಳೆಯ ಐಎಸ್‌ಎ ಕಾರ್ಡುಗಳ ವ್ಯವಸ್ಥೆ ಹೀಗಿತ್ತು. ಆಮೇಲೆ ಬಂದ ಪಿಸಿಐ ಕಾರ್ಡುಗಳಲ್ಲಿ ಹಗ್ಗ ಎಳೆದ ಸ್ಥಿತಿಯಲ್ಲಿ ಇರುವವರೆಗೂ ಪ್ರೊಸೆಸರ್ ಒಬ್ಬೊಬ್ಬರನ್ನೇ ವಿಚಾರಿಸುತ್ತದೆ, ಹಾಗಾಗಿ ಹಂಚಿಕೊಳ್ಳಬಹುದು. ಇಂದಿನ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ಇಲ್ಲದ್ದರಿಂದಲೇ ಅದನ್ನು ತೋರಿಸಲು ಹಳೆಯ ಯಂತ್ರ ಬೇಕು.

ಈಗ ಔರಾದಿಗೆ ಬರುತ್ತೇನೆ. ವಿಜ್ಞಾನದ ಪಾಠಗಳ ಜೊತೆಗೆ ನಾನು ಒಂಬತ್ತನೇ ತರಗತಿಗೆ ಐಸಿಟಿಯ ಪಾಠವನ್ನೂ ಕೊಡಬೇಕಿತ್ತು. ರೂಢಿಯಂತೆ ‘ಕಂಪ್ಯೂಟರಿನ ಭಾಗಗಳು’ ಎಂದು ಚಾರ್ಟ್ ಬರೆದಿಟ್ಟಿದ್ದೆ. ಎರಡು ವಾರ ಶಾಲೆಯಲ್ಲಿದ್ದ ಮೇಲೆ ಆ ಚಾರ್ಟು ನನಗೇ ಸಪ್ಪೆ ಅನ್ನಿಸಿತು. ಮೊಬೈಲಿನಲ್ಲಿ ವಿಡಿಯೋ ಎಡಿಟ್ ಮಾಡುವ ಮಕ್ಕಳಿಗೆ ‘ಇದು ಮೌಸ್’ ಎಂದು ಕೋಲಿನಿಂದ ತೋರಿಸುವುದು ಹೇಗೆ? ಭಾನುವಾರ ಭಾಲ್ಕಿಗೆ ಹೋಗಿ ಮಾಮಾನ ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಕಂಡಕ್ಟರ್ “ಇದೇನ್ರಿ, ಟಿ.ವಿ. ಏನು?” ಎಂದು ಲಗೇಜಿನ ಟಿಕೆಟ್ ಹರಿದ. ಶಾಲೆಯಲ್ಲಿ ಹಳೆಯ ಮಾನಿಟರ್ ಒಂದಿತ್ತು. ಮುಖ್ಯ ಗುರುಗಳು ದೊಡ್ಡ ಮನಸ್ಸಿನವರು, ಸಂಜೆಯ ಅವಧಿಗಳನ್ನು ನನಗೆ ಬಿಟ್ಟುಕೊಟ್ಟರು.

ಮಕ್ಕಳು ಬರುವ ಮೊದಲು, ಮೆಕ್ಯಾನಿಕ್ ಬದಲಿಸಿದ್ದ ಜಂಪರುಗಳನ್ನು ನಾನು ಬೇಕೆಂದೇ ಹಳೆಯ ಜಾಗಕ್ಕೆ ಹಾಕಿ ಜಗಳವನ್ನು ಮತ್ತೆ ಹಚ್ಚಿಟ್ಟೆ. ಫೋನ್ ಲೈನ್ ಇಲ್ಲದೆಯೂ ಇದನ್ನು ತೋರಿಸಬಹುದು. ವಿಂಡೋಸ್ 95ರಲ್ಲಿ ಹೈಪರ್‌ಟರ್ಮಿನಲ್ ಎಂಬ ಪ್ರೋಗ್ರಾಮ್ ತೆರೆದು ಮೋಡೆಮಿನ ಪೋರ್ಟನ್ನು ಆರಿಸಿ ‘ಎಟಿ’ ಎಂದು ಟೈಪ್ ಮಾಡಿದರೆ ಮೋಡೆಮ್ ‘ಓಕೆ’ ಎಂದು ಉತ್ತರಿಸಬೇಕು. ಮಕ್ಕಳು ಟೈಪ್ ಮಾಡಿದರು, ಬಾಣ ಕಲ್ಲಾಯಿತು. “ಮೌಸ್ ಸತ್ತದ್ರಿ ಟೀಚರ್!” ಎಂದು ಮುಂದಿನ ಬೆಂಚು ಕೂಗಿತು. ನನ್ನ ಪಾಠದ ಮೊದಲ ಪ್ರಶ್ನೆ ಅದೇ ಆಯಿತು: ಸತ್ತದ್ದೋ, ಅದರ ಮಾತು ಕೇಳುವವರಿಲ್ಲವೋ?

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. ‘ಇಂಟರಪ್ಟ್’ ಎಂಬುದಕ್ಕೆ ನಾನು ಪಾಠಯೋಜನೆಯಲ್ಲಿ ‘ಅಡಚಣೆ’ ಎಂದು ಬರೆದುಕೊಂಡಿದ್ದೆ. ಮಕ್ಕಳು ಅಡಚಣೆ ಎಂದರೆ ಕೆಟ್ಟದ್ದು, ತೆಗೆದುಹಾಕಬೇಕಾದದ್ದು ಎಂದುಕೊಂಡರು. ಹತ್ತು ನಿಮಿಷ ಅದರಲ್ಲೇ ಹೋಯಿತು. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು “ಹಾಕ್ ಮಾರ್ತದಲ್ರಿ ಟೀಚರ್, ಹಂಗೇನು?” ಎಂದು ಕೇಳಿದಳು. ಮರಾಠಿಯಲ್ಲಿ ಹಾಕ್ ಅಂದರೆ ಕೂಗಿ ಕರೆಯುವುದು. ಅಲ್ಲಿಂದ ಮುಂದೆ ತರಗತಿಯಲ್ಲಿ ಅದು ‘ಕೂಗು’ ಆಯಿತು, ಐಆರ್‌ಕ್ಯು ‘ಕೂಗಿನ ಹಗ್ಗ’ ಆಯಿತು. ಗಡಿ ತಾಲ್ಲೂಕಿನ ತರಗತಿಯಲ್ಲಿ ಎರಡು ಮೂರು ಭಾಷೆ ಇರುವುದನ್ನು ನಾವು ಅವಲೋಕನ ವರದಿಯಲ್ಲಿ ‘ಸಮಸ್ಯೆ’ಯ ಕಾಲಮಿಗೆ ಬರೆಯುತ್ತೇವೆ. ನನ್ನ ಪಾಠವನ್ನು ಆ ದಿನ ಉಳಿಸಿದ್ದು ಅದೇ.

ಡಿವೈಸ್ ಮ್ಯಾನೇಜರಿನಿಂದ ಹದಿನಾರು ಹಗ್ಗಗಳ ಪಟ್ಟಿಯನ್ನು ನೋಡಿ ಹಲಗೆಯ ಮೇಲೆ ಬರೆದರು. 4ರ ಎದುರು ಎರಡು ಹೆಸರು ಬಂದಾಗ ಗುಸುಗುಸು ಶುರುವಾಯಿತು. ಕಾಮ್-1, ಕಾಮ್-3 ಎಂದು ಬೇರೆ ಬೇರೆ ಹೆಸರಿದ್ದೂ ಹಗ್ಗ ಒಂದೇ ಹೇಗೆ ಎಂದು ಒಬ್ಬ ಕೇಳಿದ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಭಾಗದ ಮಕ್ಕಳಿಗೆ ಬಾಯಿಪಾಠ. ಅದನ್ನೇ ನೆನಪಿಸಿದೆ: ಬೋರ್ಡು ನೋಡಿ ಒಳಗಿನದನ್ನು ತೀರ್ಮಾನಿಸಬಾರದು. (ಅವರದು ಧೈರ್ಯದ ಕೆಲಸ, ಇದು ಬರೀ ತಂತಿಯ ಕೊರತೆ, ಹೋಲಿಕೆಯನ್ನು ಅಲ್ಲಿಗೇ ಬಿಟ್ಟೆ.)

ಪರಿಹಾರ ಏನು? ನಾನು ಹೇಳಲಿಲ್ಲ. ಒಬ್ಬ ಹುಡುಗ, “ಮೋಡೆಮ್ ಕಾಮ್-4ಕ್ಕ ಹಾಕ್ರಿ, ಅದು 3ನೇ ಹಗ್ಗ, ಅಲ್ಲಿ ಯಾರೂ ಇಲ್ಲ” ಎಂದ. ಸಂಪೂರ್ಣ ಸರಿಯಾದ ತರ್ಕ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಚಿಮಟದಿಂದ ಜಂಪರ್ ಬದಲಿಸಿದೆವು. ಯಂತ್ರ ಶುರುವಾದ ಮೇಲೆ ಮೋಡೆಮೇ ಕಾಣಲಿಲ್ಲ. ಹುಡುಗನ ಮುಖ ಸಣ್ಣದಾಯಿತು. ಕಾರಣ ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಅಂದು ರಾತ್ರಿ ಕೂತು ಓದಿದಾಗ ತಿಳಿಯಿತು: ಆ ಯಂತ್ರದಲ್ಲಿದ್ದ ಎಸ್3 ಜಾತಿಯ ಚಿತ್ರಕಾರ್ಡುಗಳು ಬಳಸುವ ಕೆಲವು ವಿಳಾಸಗಳು ಕಾಮ್-4ರ ವಿಳಾಸದೊಡನೆ ಡಿಕ್ಕಿ ಹೊಡೆಯುತ್ತವೆ. ಅಂದರೆ ಹಗ್ಗ ಖಾಲಿ ಇತ್ತು, ಮನೆ ನಂಬರು ಖಾಲಿ ಇರಲಿಲ್ಲ. ಪ್ರತಿ ಪೋರ್ಟಿಗೂ ಕೂಗಲು ಒಂದು ಹಗ್ಗ, ಉತ್ತರ ತಲುಪಿಸಲು ಒಂದು ವಿಳಾಸ, ಎರಡೂ ಬೇಕು. ಮರುದಿನ ಆ ಹುಡುಗನಿಗೇ ಎಲ್ಲರ ಮುಂದೆ ಇದನ್ನು ವಿವರಿಸಲು ಹೇಳಿದೆ. ತನ್ನ ತರ್ಕ ತಪ್ಪಲ್ಲ, ಮಾಹಿತಿ ಸಾಲದಾಗಿತ್ತು ಎಂದು ತಿಳಿದಾಗ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ಯಾವ ಮೌಲ್ಯಮಾಪನದ ಕಾಲಮಿಗೆ ಬರೆಯಲಿ?

ಉಳಿದ ದಾರಿ ಕಾಮ್-2. ಅದರ ಹಗ್ಗವೂ 3. ಆದರೆ ಮದರ್‌ಬೋರ್ಡಿಗೇ ಒಂದು ಕಾಮ್-2 ಇದೆ; ಹಿಂಬದಿಯಲ್ಲಿ ಯಾರೂ ಬಳಸದ ಅದರ ಕಿಂಡಿ ಕಾಣುತ್ತದೆ. ಒಂದೇ ವಿಳಾಸಕ್ಕೆ ಎರಡು ಮನೆ ಆಗಬಾರದು. ಯಂತ್ರ ಶುರುವಾಗುವಾಗ ಡಿಲೀಟ್ ಕೀಲಿ ಒತ್ತಿ ಬಯಾಸ್ ಪರದೆಗೆ ಹೋಗಿ ಬೋರ್ಡಿನ ಎರಡನೇ ಸೀರಿಯಲ್ ಪೋರ್ಟನ್ನು ಮುಚ್ಚಬೇಕು, ಮೋಡೆಮಿನ ಜಂಪರುಗಳನ್ನು ಕಾಮ್-2, ಐಆರ್‌ಕ್ಯು 3ಕ್ಕೆ ಹಾಕಬೇಕು, ಡಿವೈಸ್ ಮ್ಯಾನೇಜರಿನಲ್ಲಿ ಮೋಡೆಮಿನ ಹಳೆಯ ದಾಖಲೆ ಅಳಿಸಿ ವಿಂಡೋಸ್ ಹೊಸದಾಗಿ ಹುಡುಕುವಂತೆ ಮಾಡಬೇಕು. ಸಿಕಂದರಾಬಾದಿನ ಮೆಕ್ಯಾನಿಕ್ ಮಾಡಿದ್ದೂ ಇದನ್ನೇ. ಜಂಪರ್ ಮುಗಿಸಿ, ಯಂತ್ರ ಹಚ್ಚಿ, ಬಯಾಸಿನಲ್ಲಿ ಪೋರ್ಟು ಮುಚ್ಚಿ, ಮತ್ತೆ ಶುರು ಮಾಡಿ ‘ಎಟಿ’ ಎಂದು ಟೈಪ್ ಮಾಡಿದೆವು. ‘ಓಕೆ’ ಬಂತು. ಬಾಣವೂ ಓಡಾಡಿತು. ಎರಡಕ್ಷರದ ಆ ಉತ್ತರಕ್ಕೆ ತರಗತಿ ಹಾಕಿದ ಕೇಕೆಗೆ ಪಕ್ಕದ ಕೋಣೆಯಿಂದ ಗಣಿತದ ಗುರುಗಳು ಬಂದು ಇಣುಕಿದರು.

ಅವಲೋಕನ ಇದ್ದದ್ದು ಮರುದಿನ. ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ನಮೂನೆ ಹಿಡಿದು ಕೂತಿದ್ದರು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ, ಐದೂ ಹಂತಕ್ಕೆ ನಿಮಿಷ ಹಂಚಿ ಬರೆದಿದ್ದೆ. ಯಂತ್ರ ಹಚ್ಚಿದೆ, ಎಂದಿನಂತೆ ಕಪ್ಪು ಪರದೆಯಲ್ಲಿ ಒಂದು ಎಚ್ಚರಿಕೆ ಬಂತು, ಎಂದಿನಂತೆ ಎಫ್1 ಒತ್ತಿದೆ. ಮಾಮಾ ಹೇಳಿದ್ದರು, “ಅದು ಬರ್ತಾನೇ ಇರ್ತದ, ಎಫ್1 ಹೊಡಿ.” ‘ಎಟಿ’ ಟೈಪ್ ಮಾಡಿಸಿದೆ. ಮೋಡೆಮ್ ಸುಮ್ಮನಿತ್ತು. ಮತ್ತೊಮ್ಮೆ. ಸುಮ್ಮನೆ. ಬೆವರಿದೆ. ಚೀಲದಲ್ಲಿದ್ದ ಚಾರ್ಟಿನ ಕಡೆ ಕೈ ಹೋಯಿತು, ಸುಳ್ಳು ಹೇಳುವುದಿಲ್ಲ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. ವರ್ಷವಿಡೀ ಅವಳು ಬಾಯಿ ತೆರೆದದ್ದು ಕಡಿಮೆ ಎಂದು ಆಮೇಲೆ ತರಗತಿ ಶಿಕ್ಷಕರು ಹೇಳಿದರು. “ಟೀಚರ್, ಇದರಾಗ ರಾತ್ರಿ ಹನ್ನೆರಡು ಆಗ್ಯಾದ್ರಿ.” ಪರದೆಯ ಮೂಲೆಯ ಗಡಿಯಾರದಲ್ಲಿ ಹನ್ನೆರಡು ದಾಟಿ ಮೂರು ನಿಮಿಷ, ನಮ್ಮ ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು. ನಾನು ಇನ್ನೂ ಯೋಚಿಸುತ್ತಿರುವಾಗಲೇ ಅವಳು ಮುಂದುವರಿಸಿದಳು: “ಟೈಮ್ ಮರ್ತದ ಅಂದ್ರ, ನಿನ್ನೆ ನಾವು ಮಾಡಿದ್ದೂ ಮರ್ತಿರ್ತದಲ್ರಿ?”

ಮರೆತಿತ್ತು. ಬಯಾಸಿನ ಆಯ್ಕೆಗಳೂ ಗಡಿಯಾರವೂ ಉಳಿಯುವುದು ಮದರ್‌ಬೋರ್ಡಿನ ಮೇಲಿನ ಗುಂಡಿಯಂಥ ಒಂದು ಬ್ಯಾಟರಿಯಿಂದ. ಅದು ಸತ್ತಿತ್ತು. ಹಿಂದಿನ ಸಂಜೆ ನಾವು ಯಂತ್ರವನ್ನು ಆರಿಸದೆ ಬರೀ ಮರುಶುರು ಮಾಡಿದ್ದರಿಂದ ಆಯ್ಕೆ ಉಳಿದಿತ್ತು. ರಾತ್ರಿ ಪ್ಲಗ್ ಕಿತ್ತ ಮೇಲೆ ಅಳಿಸಿಹೋಗಿತ್ತು. ಬೋರ್ಡಿನ ಕಾಮ್-2 ಮತ್ತೆ ಎದ್ದು ಕೂತು ಮೋಡೆಮಿನ ವಿಳಾಸ ಹಿಡಿದಿತ್ತು. ನಾನು ದಿನವೂ ಎಫ್1 ಒತ್ತಿ ದಾಟಿಸುತ್ತಿದ್ದ ಎಚ್ಚರಿಕೆ ಹೇಳುತ್ತಿದ್ದದ್ದು ಇದನ್ನೇ. ಕಾರಣ ಹುಡುಕುವ ಪಾಠ ಮಾಡಲು ಹೊರಟವರು ಪರದೆಯ ಮೇಲೆ ಬರೆದದ್ದನ್ನು ಓದಿರಲಿಲ್ಲ. ಮಕ್ಕಳು ಬ್ಯಾಟರಿ ತೆಗೆದು ಶಾಲೆಯ ಮಲ್ಟಿಮೀಟರಿನಿಂದ ಅಳೆದರು. 3 ವೋಲ್ಟ್ ಇರಬೇಕಾದಲ್ಲಿ ಒಂದು ವೋಲ್ಟೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಮೌಲ್ಯಮಾಪನದ ಹಂತ ಬರಲೇ ಇಲ್ಲ.

ಅವಲೋಕನದ ಷರಾ ಹೀಗಿತ್ತು: ಉಪಕರಣವನ್ನು ಮೊದಲೇ ಪರೀಕ್ಷಿಸಿಲ್ಲ. ಪಾಠ ಪೂರ್ಣಗೊಂಡಿಲ್ಲ. ಉದ್ದೇಶಗಳು ಈಡೇರಿಲ್ಲ. ಮೊದಲ ಮಾತಿಗೆ ನನ್ನ ತಲೆ ಬಾಗುತ್ತದೆ. ಎರಡನೆಯದೂ ನಮೂನೆಯ ಲೆಕ್ಕದಲ್ಲಿ ನಿಜ. ಮೂರನೆಯದನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ನನ್ನ ಉದ್ದೇಶದ ಸಾಲಿನಲ್ಲಿ ‘ವಿದ್ಯಾರ್ಥಿಯು ಲಕ್ಷಣದಿಂದ ಕಾರಣವನ್ನು ಊಹಿಸುವನು’ ಎಂದು ಬರೆದಿತ್ತು. ಗಡಿಯಾರದಿಂದ ಬ್ಯಾಟರಿಗೆ ಹೋದ ಆ ಹುಡುಗಿ ಮಾಡಿದ್ದು ಮತ್ತೇನು? ತಪ್ಪು ಮಾರ್ಗದರ್ಶಕರದೂ ಅಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ‘ಉಪಕರಣ ಬಳಕೆ’ಗೆ ಅಂಕವಿದೆ, ‘ಸಮಯ ನಿರ್ವಹಣೆ’ಗೆ ಅಂಕವಿದೆ, ಕಪ್ಪುಹಲಗೆಯ ಅಕ್ಷರದ ಅಂದಕ್ಕೂ ಇದೆ. ಯೋಜನೆ ಮುರಿದುಬಿದ್ದಾಗ ತರಗತಿ ಏನು ಮಾಡಿತು ಎಂಬುದಕ್ಕೆ ಒಂದು ಸಾಲೂ ಇಲ್ಲ. ಎನ್‌ಸಿಟಿಇ 2014ರ ನಿಯಮಾವಳಿಯ ನಂತರ ಬಂದ ಎರಡು ವರ್ಷದ ಬಿ.ಇಡ್. ಪಠ್ಯಕ್ರಮದಲ್ಲಿ ‘ಐಸಿಟಿಯ ವಿಮರ್ಶಾತ್ಮಕ ಅರಿವು’ ಎಂಬ ಪತ್ರಿಕೆಯೇ ಇದೆ. ಅದರ ಪ್ರಾಯೋಗಿಕ ಎಂದು ನಾವು ಮಾಡಿದ್ದು ಸ್ಲೈಡುಗಳು. ಚೆಂದದ ಸ್ಲೈಡುಗಳೇ, ಆದರೆ ವಿಮರ್ಶಾತ್ಮಕ ಎಂಬ ಮಾತಿಗೆ ಅವುಗಳಲ್ಲಿ ಎಲ್ಲೂ ಕೆಲಸ ಬೀಳಲಿಲ್ಲ.

ಬೀದರ್ ನಗರದ ಶಾಲೆಯಲ್ಲಿ ಬೋಧನಾಭ್ಯಾಸ ಮಾಡಿದ ಸಹಪಾಠಿಯೊಬ್ಬರು ನನ್ನ ಈ ವಾದಕ್ಕೆ ನಕ್ಕರು. “ಯಾರ ಮನೆಯಲ್ಲಿ ಈಗ ಜಂಪರ್ ಇರುವ ಮೋಡೆಮ್ ಇದೆ? ಇದನ್ನು ಕಲಿತು ಮಕ್ಕಳಿಗೆ ಏನು ಉಪಯೋಗ?” ಎಂದರು. ಯಾರ ಮನೆಯಲ್ಲೂ ಇಲ್ಲ. ವಿದ್ಯುತ್ಕಾಂತದ ಸುತ್ತಿಗೆ ಬಡಿಯುವ ವಿದ್ಯುತ್ ಗಂಟೆಯೂ ಈಗ ಯಾರ ಮನೆ ಬಾಗಿಲಲ್ಲೂ ಇಲ್ಲ. ಆದರೂ ಅದರ ಚಿತ್ರ ಬರೆಸುತ್ತೇವೆ, ಯಾಕೆಂದರೆ ಮಂಡಲ ಕೂಡುವುದು, ಕಡಿಯುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಮಕ್ಕಳ ಕೈಯಲ್ಲಿರುವ ಮೊಬೈಲಿನ ಬೆನ್ನು ಅಂಟಿನಿಂದ ಮುಚ್ಚಿದೆ. ಅದು ನಿಂತರೆ ಆಫ್ ಮಾಡಿ ಆನ್ ಮಾಡುವುದೊಂದೇ ದಾರಿ, ಸರಿಹೋದರೂ ಯಾಕೆ ಸರಿಹೋಯಿತೆಂದು ತಿಳಿಯದು. ಹಳೆಯ ಪೆಟ್ಟಿಗೆಯಲ್ಲಿ ಒಂದು ಜಂಪರ್ ಬದಲಿಸಿದರೆ ಒಂದೇ ಸಂಗತಿ ಬದಲಾಗುತ್ತದೆ. ಉಳಿದದ್ದನ್ನು ಸ್ಥಿರವಾಗಿಟ್ಟು ಒಂದನ್ನು ಬದಲಿಸುವುದು ಎಂದು ವಿಜ್ಞಾನ ಬೋಧನಾ ಪದ್ಧತಿಯಲ್ಲಿ ನಾವು ಪುಟಗಟ್ಟಲೆ ಬರೆದು ಅಂಕ ಪಡೆದದ್ದನ್ನು ಆ ಮಕ್ಕಳು ಚಿಮಟ ಹಿಡಿದು ಮಾಡಿದರು.

ಸುರಕ್ಷತೆಯ ಪ್ರಶ್ನೆ ಮಾತ್ರ ಗಂಭೀರವಾದದ್ದು. ಪ್ಲಗ್ ಕೀಳದೆ ಮುಚ್ಚಳ ತೆಗೆಯಕೂಡದು. ಒಳಗಿನ ವಿದ್ಯುತ್ ಸರಬರಾಜಿನ ಡಬ್ಬಿಯನ್ನೂ ಹಳೆಯ ಗಾಜಿನ ಮಾನಿಟರನ್ನೂ ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಅಪಾಯದ ವಿದ್ಯುತ್ ಉಳಿದಿರುತ್ತದೆ. ಧೂಳನ್ನು ತರಗತಿಯ ಹೊರಗೆ, ಮಕ್ಕಳಿಲ್ಲದಾಗ ಒರೆಸಿ ತರಬೇಕು. ಜಂಪರ್ ಮುಟ್ಟುವ ಮೊದಲು ಅದರ ಈಗಿನ ಜಾಗವನ್ನು ಚಿತ್ರ ಬರೆದು ದಿನಾಂಕ ಹಾಕಿಡಬೇಕು. ಕೊನೆಯದನ್ನು ನಾನು ಮಾಡದೆ ಒಂದು ಇಡೀ ಸಂಜೆ ಕಳೆದುಕೊಂಡೆ.

ಸಮಯ ಹೆಚ್ಚು ಬೇಕು ಎಂಬುದೂ ನಿಜ. ನನಗೆ ಅವಲೋಕನದ ದಿನವೂ ಸೇರಿ ನಾಲ್ಕು ಅವಧಿ ಹಿಡಿಯಿತು. ನಾಲ್ಕು ಅವಧಿಯಲ್ಲಿ ನಾಲ್ಕು ಚಾರ್ಟ್ ಮುಗಿಸಬಹುದಿತ್ತು. ಹಾಗಾಗಿ ಪ್ರತಿ ಪಾಠವೂ ಹೀಗಿರಲಿ ಎಂದು ನಾನು ಹೇಳುತ್ತಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ಒಂದು ‘ದೋಷ ಶೋಧನೆ’ಯ ಪಾಠ ಕೊಡಲಿ, ಅದನ್ನು ನಿಮಿಷಗಳ ಲೆಕ್ಕದಲ್ಲಿ ಅಳೆಯದೆ, ಮಕ್ಕಳು ಮಾಡಿದ ಊಹೆಗಳ ಪಟ್ಟಿಯಿಂದ, ಯಾವ ಊಹೆಯನ್ನು ಯಾವ ಪರೀಕ್ಷೆಯಿಂದ ಕೈಬಿಟ್ಟರು ಎಂಬುದರಿಂದ ಅಳೆಯಲಿ. ಕಂಪ್ಯೂಟರೇ ಆಗಬೇಕೆಂದಿಲ್ಲ. ಜೀವಶಾಸ್ತ್ರದವರಿಗೆ ಬಾಡಿದ ಗಿಡ ಸಾಕು. ಆದರೆ ಭೌತಶಾಸ್ತ್ರ, ಗಣಿತದ ನಮಗೆ ಅಗ್ಗದಲ್ಲಿ ಸಿಗುವ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಾಣುತ್ತಿಲ್ಲ.

ಆ ವಾರದ ಕೊನೆಗೆ ಔರಾದಿನ ಗಡಿಯಾರದ ಅಂಗಡಿಯಿಂದ ಸಿಆರ್2032 ಬ್ಯಾಟರಿ ತಂದು ಮಕ್ಕಳೇ ಹಾಕಿದರು. ವೇಳೆ ಸರಿಪಡಿಸುವ ಹಕ್ಕು ತನ್ನದೆಂದು ಆ ಹುಡುಗಿ ಜಗಳಾಡಿ ಪಡೆದಳು. ಯಂತ್ರ ಈಗಲೂ ಅದೇ ಶಾಲೆಯಲ್ಲಿದೆ. ಮಾಮಾ ವಾಪಸು ಬೇಡ ಅಂದರು, ಚೀಟಿ ಅಂಟಿಸಿದ ಮೌಸ್ ಮಾತ್ರ ಇಟ್ಟುಕೊಂಡರು.

ಕಾಲೇಜಿನ ಪಟ್ಟಿಯ ವಿಷಯಕ್ಕೆ ಬಂದರೆ, ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವಿಲೇವಾರಿ ಮಾಡುವುದಾದರೆ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು, ಗುಜರಿಯವನಿಗಲ್ಲ. ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಹೋಗುವ ಮೊದಲು ಆ ಎರಡೂ ಪೆಟ್ಟಿಗೆಗಳಿಗೆ ಒಂದು ಸಂಜೆ ಸ್ವಿಚ್ ಹಾಕಿ ನೋಡಲು ಪ್ರಾಂಶುಪಾಲರು ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದಾದರೂ ಎದ್ದರೆ ಅದನ್ನು ಭೌತಶಾಸ್ತ್ರದ ಬೀರುವಿನ ಪಕ್ಕದಲ್ಲಿ ಇಡೋಣ. ಪಟ್ಟಿಯ ಆ ಸಾಲನ್ನು ತಿದ್ದುವುದು ನನ್ನ ಕೆಲಸ. ಬ್ಯಾಟರಿಯೂ ನಾನೇ ತರುತ್ತೇನೆ.